ಎದೆಯೊಳಗಿನ ನೀರುಗುಳ್ಳೆ

"ನಾಯಿ ಸಾಕಿದ್ದೀರಾ?" ಎಂದು ಡಾಕ್ಟರು ಕೇಳಿದರು.

ಮಾಂಸದಂಗಡಿಯವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ, "ನಾಯಿನಾ? ಅದು ಹೊಸಿಲು ದಾಟಿದ ದಿನ ನಾನು ತವರಿಗೆ ಹೋದೆ ಅಂತ್ಲೇ ತಿಳ್ಕೊಳ್ಳಿ" ಎಂದಳು. ಅವನು ಹೂಂಗುಟ್ಟಿದ. ತಿಂಗಳುಗಳಿಂದ ಕಾಡುತ್ತಿದ್ದ ಕೆಮ್ಮು ಆಗಲೇ ಬಂದದ್ದು ಒಳ್ಳೆಯ ನೆಪವಾಯಿತು.

ಸಾಕಿದ್ದ, ಮಹಾರಾಯ. ಮನೆಯಲ್ಲಲ್ಲ, ಅಂಗಡಿಯ ಹಿಂದಿನ ಸಂದಿಯಲ್ಲಿ, ಹೆಂಡತಿಯ ಕಣ್ಣು ತಪ್ಪಿಸಿ. ಗಿರಾಕಿಗಳು ಬೇಡವೆಂದ ಗುಳ್ಳೆಗುಳ್ಳೆಯ ಕುರಿ ಲಿವರೆಲ್ಲ ಆ ನಾಯಿಗೇ. ಅದನ್ನು 'ಯಜಮಾನ್ರು' ಎಂದು ಕರೆದು ಅಳಿಯನಿಗೆ ಮಾಡುವಂಥ ಉಪಚಾರ ಮಾಡುತ್ತಿದ್ದ.

ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. ಬಲಗಡೆಯ ಶ್ವಾಸಕೋಶದಲ್ಲಿ ಕಿತ್ತಳೆಹಣ್ಣಿನಷ್ಟು ದುಂಡನೆಯ ಬಿಳುಪು. "ರಕ್ತದಲ್ಲೂ ಏನೂ ಸಿಕ್ಕಿಲ್ಲ. ಹಾಗಾದ್ರೆ ಬರೀ ನೀರಿರ್ಬೇಕು. ನಾಳೆ ಸೂಜಿ ಹಾಕಿ ತೆಗೆಯೋಣ."

ಮರುದಿನ ಅವನನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ತಣ್ಣನೆಯ ಔಷಧಿ ಒರೆಸಿದರು. ಮನಸ್ಸು ತಡೆಯಲಿಲ್ಲ. "ಡಾಕ್ಟ್ರೇ, ನಾಯಿ ವಿಷ್ಯ ಯಾಕೆ ಕೇಳಿದ್ರಿ?"

"ಗುಳ್ಳೆ ಕಟ್ಟಿದ ಕುರಿ ಲಿವರ್ ತಿಂದ ನಾಯಿ ಹೊಟ್ಟೇಲಿ ಒಂದು ಹುಳ ಬೆಳೆಯುತ್ತೆ. ಅದರ ಮೊಟ್ಟೆ ನಮ್ಮೊಳಗೆ ಹೋದ್ರೆ ಎದೆಯಲ್ಲಿ ಹೀಗೇ ಗುಳ್ಳೆ ಕಟ್ಟುತ್ತೆ. ಅಂಥದಕ್ಕೆ ಸೂಜಿ ಚುಚ್ಚಿದ್ರೆ ಒಳಗೆಲ್ಲ ಚೆಲ್ಲಿ ಪ್ರಾಣಕ್ಕೇ ಸಂಚಕಾರ. ನಿಮಗೇನು ಭಯ, ನಾಯಿ ಇಲ್ವಲ್ಲ."

ಅವನು ಬಾಗಿಲ ಕಡೆ ನೋಡಿದ. ಹೆಂಡತಿ ಬಾಗಿಲ ಹೊರಗೇ ಕೂತಿದ್ದಳು. ಅತ್ತ ದರಿ, ಇತ್ತ ಪುಲಿ. ಇಷ್ಟು ವರ್ಷ ಅವಳ ಮುಂದೆ ಸಾಚಾ ಎನಿಸಿಕೊಂಡಿದ್ದ ಮನುಷ್ಯ ಆಗಲೂ ಒಂದು ಗಳಿಗೆ ಯೋಚಿಸಿದ ನೋಡಿ! ಸೂಜಿಯ ಮುಚ್ಚಳ ತೆಗೆದ ಸದ್ದು ಕೇಳಿತು.

"ಇದೆ!" ಎಂದು ಕಿರುಚಿದ. "ಇದೆ ಡಾಕ್ಟ್ರೇ, ಅಂಗಡಿ ಹಿಂದೆ ಇದೆ!"

ಡಾಕ್ಟರು ಸೂಜಿಯನ್ನು ತಟ್ಟೆಗೆ ಹಾಕಿ ಹಣೆ ಒರೆಸಿಕೊಂಡರು.

ಸ್ಕ್ಯಾನ್ ಮಾಡಿದಾಗ ಹುಳದ ಗುಳ್ಳೆಯೇ ಎಂದು ಖಾತ್ರಿಯಾಯಿತು. ಮುಂದಿನ ವಾರ ಎದೆ ತೆರೆದು, ಒಂದು ಹನಿಯೂ ಚೆಲ್ಲದಂತೆ ಸುತ್ತ ಔಷಧಿಯಲ್ಲಿ ನೆನೆಸಿದ ಬಟ್ಟೆ ಹಾಸಿ, ಗುಳ್ಳೆಯನ್ನು ಇಡಿಯಾಗಿ ಹೊರತೆಗೆದರು. ಅವನು ಕಣ್ಣು ಬಿಟ್ಟಾಗ ಹೆಂಡತಿ ಪಕ್ಕದಲ್ಲಿದ್ದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಜೀವ ಉಳೀತಲ್ಲ. ಬೈಗುಳ ಮನೆಗೆ ಹೋದ್ಮೇಲೆ" ಎಂದಳು.

ಬದುಕಿದೆಯಾ ಬಡಜೀವವೇ ಎಂದುಕೊಂಡ ಅವನು. ಅಷ್ಟರಲ್ಲಿ ಡಾಕ್ಟರು ಬಂದು ಗಾಯ ನೋಡಿದರು. "ಆ ಮೊಟ್ಟೆಗಳು ನಾಯಿ ಕೂದಲಿಗೂ ಅಂಟಿರುತ್ತೆ. ನಿಮ್ಮ ಬಿಟ್ಟು ಅದನ್ನ ಮುಟ್ಟಿ ಆಡಿದೋರು ಯಾರಾದ್ರೂ ಇದ್ದಾರಾ?"

"ಇನ್ಯಾರಿರ್ತಾರೆ? ಕಟ್ಕೊಂಡ ನನಗೇ ಗೊತ್ತಿರ್ಲಿಲ್ಲ" ಎಂದಳು ಹೆಂಡತಿ.

ಅವನು ಕಣ್ಣು ಮುಚ್ಚಿಕೊಂಡ. ಶಾಲೆ ಬಿಟ್ಟೊಡನೆ ಮಗಳು ಅಂಗಡಿಗೆ ಓಡಿ ಬರುತ್ತಿದ್ದಳು. ನಾಯಿಯ ಕುತ್ತಿಗೆ ತಬ್ಬಿ ಕೂತು, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಅಮ್ಮನಿಗೆ ಹೇಳುವುದಿಲ್ಲ ಎಂದು ಅವಳಿಂದ ಆಣೆ ಹಾಕಿಸಿಕೊಂಡವನೂ ಅವನೇ. ಉಸಿರೆಳೆದರೆ ಹೊಲಿಗೆ ಜಗ್ಗುತ್ತಿತ್ತು.

ಹೆಂಡತಿಯ ಕೈ ಹಿಡಿದುಕೊಂಡು, "ನಮ್ಮ ಪುಟ್ಟಿ" ಎಂದ. "ದಿನಾ ಆಡ್ತಿದ್ಲು ಕಣೇ."