ಲಿವರಿನ ಕೆಳಗಿನ ಪಿನ್ನು

ಟಿಕ್ ಅಂತಲೂ ಇಲ್ಲ, ಕೀ ತಿರುಗಿಸಿದರೆ ಮೂರು ದೀಪಗಳು ಹೊತ್ತಿಕೊಂಡು ನನ್ನನ್ನೇ ನೋಡುತ್ತವೆ, ಅಷ್ಟೇ, ಎಂಜಿನ್ನು ಮಾತ್ರ ಸತ್ತವರ ಮನೆಯ ಹಾಗೆ — ಛೆ, ಯಾರೂ ಸತ್ತಿಲ್ಲ, ತಮ್ಮ ಅಲ್ಲೇ ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾನೆ, ಊರುಗೋಲು ಗೋಡೆಗೆ ಒರಗಿದೆ, ಎಡಗಾಲಿನ ಪ್ಯಾಂಟಿನ ತುದಿಯನ್ನು ಮಡಚಿ ಪಿನ್ನು — ಪಿನ್ನಲ್ಲ, ಅಮ್ಮ ಹೊಲಿದುಕೊಟ್ಟಿದ್ದಾಳೆ, ಸಣ್ಣ ಸಣ್ಣ ಹೊಲಿಗೆ. ಮೊದಲು ಬ್ಯಾಟರಿ, ಆಮೇಲೆ ಮಿಕ್ಕಿದ್ದು, ಅಪ್ಪ ಕಲಿಸಿದ ಕ್ರಮ. ಹನ್ನೆರಡು ಪಾಯಿಂಟ್ ಆರು ವೋಲ್ಟು, ಸರಿಯಾಗಿದೆ. ಟರ್ಮಿನಲ್ಲು ಬಿಗಿ ಇದೆ, ಗಾಡಿಯ ಮೈಗೆ ಕೊಟ್ಟ ಅರ್ತ್ ವೈರಿನಲ್ಲಿ ತುಕ್ಕಿಲ್ಲ, ಫ್ಯೂಸು ಸುಟ್ಟಿಲ್ಲ, ಇನ್ನೊಮ್ಮೆ ನೋಡೋಣ, ಸುಟ್ಟಿಲ್ಲ. ಫ್ಯೂಸನ್ನ ಅಷ್ಟು ಸಲ ನೋಡಿದ್ರೆ ದೃಷ್ಟಿ ಆಗತ್ತೆ ಮೇಡಂ, ಅನ್ನುತ್ತಾನೆ ಡ್ರೈವರು, ಅವನಿಗೆ ಹತ್ತು ಗಂಟೆಗೆ ಇನ್ನೊಂದು ಕಡೆ ಗುಂಡಿ ತೋಡುವುದಿದೆ. ಮೂರು ವಾರ ಕೆಲಸ ಮಾಡಿ ಇವತ್ತು ಬೆಳಿಗ್ಗೆ ಲಾರಿಯ ಮೇಲೆ ಹೆಣದಂತೆ ವಾಪಸ್ ಬಂತು ನಮ್ಮ ಪುಟ್ಟಿ, ಈ ಚಿಕ್ಕ ಅಗೆಯುವ ಯಂತ್ರಕ್ಕೆ ಆ ಹೆಸರಿಟ್ಟವನೂ ತಮ್ಮನೇ. ಕೀ ತಿರುಗಿಸಪ್ಪ, ಅಂದೆ ಡ್ರೈವರಿಗೆ. ಸ್ಟಾರ್ಟರಿನ ಸಣ್ಣ ವೈರಿಗೆ ಮೀಟರಿನ ಮೊನೆ ಇಟ್ಟೆ — ಸೊನ್ನೆ. ಸ್ಟಾರ್ಟರಿನದು ತಪ್ಪಿಲ್ಲ, ಅದರ ತನಕ ಕರೆಂಟೇ ಬರುತ್ತಿಲ್ಲ, ಹಿಂದಕ್ಕೆ ಹೋಗಬೇಕು, ರಿಲೇ, ಅದರ ಹಿಂದೆ ಕೀ, ನಡುವೆ ಎಡಗಡೆಯ ಲಿವರಿನ ಕೆಳಗಿನ ಸ್ವಿಚ್ಚು, ಅದನ್ನು ಕೊನೆಗೆ ನೋಡೋಣ, ಬೆಳಿಗ್ಗೆಯಿಂದ ಕೊನೆಗೆ ಕೊನೆಗೆ ಅನ್ನುತ್ತಲೇ ಇದ್ದೇನೆ.

ಲಿವರ್ ಸ್ವಿಚ್ಚೇ ಹೋಗಿರ್ಬೇಕು, ಒಂದು ತುಂಡು ವೈರ್ ಹಾಕಿ ನೇರ ಮಾಡ್ಬಿಡಿ ಮೇಡಂ, ಎಲ್ಲಾ ಕಡೆ ಹಂಗೇ ಮಾಡ್ತಾರೆ — ಅಂದದ್ದೇ ತಡ ಅಪ್ಪನ ದನಿ ಬೆನ್ನ ಹಿಂದೆ, ನೇರ ಗೀರ ಅಂದ್ರೆ ನಿನ್ ಕೈ ಮುರೀತೀನಿ, ಲಿವರ್ ಎತ್ತಿ ಲಾಕ್ ಮಾಡ್ದೆ ಗಾಡಿ ಶುರು ಆಗ್ಬಾರ್ದು ಅಂತಾನೇ ಆ ಸ್ವಿಚ್ ಇಟ್ಟಿರೋದು, ಲಾಕ್ ಮಾಡ್ದೆ ಇಳಿದೋನು ಒಬ್ಬ ಕೂತಿದಾನಲ್ಲ, ಸಾಕು. ತಮ್ಮ ನಗುತ್ತಾನೆ. ಬೋರ್ಡ್ ಬರೆಸಿ ನನ್ ಕುತ್ತಿಗೆಗೇ ಹಾಕ್ಬಿಡಪ್ಪ. ಎಂಟು ತಿಂಗಳಿಂದ ಅಪ್ಪ ಅವನ ಕೈಗೆ ಒಂದು ಕೀ ಕೊಟ್ಟಿಲ್ಲ. ಅವನು ಲಾಕ್ ಮಾಡದೆ ಇಳಿಯಲಿಲ್ಲ ಅಪ್ಪಾ, ಅವನು ಸೀಟಿಗೆ ಹತ್ತಿಯೇ ಇರಲಿಲ್ಲ — ಈ ವಾಕ್ಯವನ್ನು ಎಷ್ಟು ಸಲ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೇನೆ, ನಾಲಿಗೆಯ ಮೇಲೆ ಬಂದಾಗ ಒಂದು ಪದವೂ ಇರುವುದಿಲ್ಲ. ಆಗ ಹಳೇ ಸ್ವಿಚ್ಚು ಕೆಟ್ಟಿತ್ತು, ಹೊಸದು ಬರಲು ನಾಲ್ಕು ದಿನ, ಗಿರಾಕಿ ತಲೆಯ ಮೇಲೆ ಕೂತಿದ್ದ, ನಾನು ತಲೆಯಿಂದ ಪಿನ್ನು ತೆಗೆದು ಕನೆಕ್ಟರಿನ ಎರಡು ತೂತಿಗೆ ಚುಚ್ಚಿ ನೇರ ಮಾಡಿದೆ, ಅಳತೆಗೆ ಮಾಡಿಸಿದ ಹಾಗೆ ಕೂತಿತು, ನಾಲ್ಕು ದಿನಕ್ಕೆ ತಾನೇ. ನಾಲ್ಕನೇ ದಿನ ಹೊಸ ಸ್ವಿಚ್ಚು ಬಂತು, ಡ್ರಾಯರಿಗೆ ಹೋಯಿತು, ಹನ್ನೊಂದನೇ ದಿನವೂ ಅಲ್ಲೇ ಇತ್ತು. ಅಷ್ಟರಲ್ಲಿ ತಮ್ಮನಿಗೆ ರೂಢಿಯಾಗಿತ್ತು, ಹತ್ತೋದ್ಯಾಕೆ ಅಕ್ಕಾ, ನೆಲದ ಮೇಲೇ ನಿಂತು ಕೈ ಚಾಚಿದ್ರೆ ಆಯ್ತು — ಆ ಹನ್ನೊಂದನೇ ದಿನವೂ ಚಾಚಿದ, ಕೀ ತಿರುಗಿಸಿದ, ತೋಳು ಗಾಡಿ ಓಡಿಸುವ ಮುಂದಿನ ಲಿವರಿಗೆ ತಾಗಿತು, ಗಾಡಿ ಉರುಳುವ ಚೈನು ಒಂದೇ ಒಂದು ಮೊಳ ಮುಂದೆ ಬಂತು, ಅವನ ಎಡಗಾಲಿನ ಮೇಲೆ. ನಾನು ಓಡಿದೆ. ಎಂಜಿನ್ನು ನಿಲ್ಲಿಸಿದೆ. ಆಮೇಲೆ ನನ್ನ ಕೈ ಎಲ್ಲಿಗೆ ಹೋಗಬೇಕಿತ್ತು, ಅವನ ಕಡೆಗೆ ಹೋಗಬೇಕಿತ್ತು, ಅದು ಲಿವರಿನ ಕೆಳಗೆ ಹೋಯಿತು, ಪಿನ್ನನ್ನು ಕಿತ್ತು ಕೂದಲಿಗೆ ಸಿಕ್ಕಿಸಿತು, ಅವನು ಮಣ್ಣಿನಲ್ಲಿ ಮಲಗಿ ನೋಡುತ್ತಿದ್ದ, ನನ್ನನ್ನೋ ಆಕಾಶವನ್ನೋ. ಮೂರನೇ ದಿನ ಆಸ್ಪತ್ರೆಯಲ್ಲಿ ಅಪ್ಪ ಕೇಳಿದಾಗ, ಕೂತೇ ಶುರು ಮಾಡ್ದೆ ಅಪ್ಪ, ಲಾಕ್ ಮಾಡೋಕೆ ಮರೆತು ಇಳಿದೆ, ಇಳೀವಾಗ ಲಿವರಿಗೆ ಕೈ ತಾಗ್ತು, ಅಂದ. ಯಾಕೆ ಹಾಗಂದ, ಕೇಳಿಲ್ಲ, ಕೇಳಿದರೆ ಅವನು ಹೇಳಿಬಿಡುತ್ತಾನೆ.

ಬೆರಳು ಕೊನೆಗೂ ಲಿವರಿನ ಕೆಳಗೆ ಇಳಿಯಿತು. ಕನೆಕ್ಟರು ಅರ್ಧ ಮಾತ್ರ ಕೂತಿದೆ, ಕ್ಲಿಪ್ಪು ಕಚ್ಚಿಲ್ಲ, ಎಳೆದರೆ ಹಾಗೇ ಕೈಗೆ ಬಂತು, ಅದರ ಒಂದು ಕಾಲಿಗೆ ಹಸಿರು ಕಿಲುಬು. ಅವತ್ತು ಸಂಜೆ ಎಲ್ಲರೂ ಆಸ್ಪತ್ರೆಯಲ್ಲಿದ್ದಾಗ ಬಟ್ಟೆ ತರುವ ನೆಪದಲ್ಲಿ ಬಂದು ಹೊಸ ಸ್ವಿಚ್ಚು ಹಾಕಿದ್ದೆ, ಕ್ಲಿಪ್ಪು ಕಚ್ಚುವ ಸದ್ದಿಗೂ ಕಾಯಲಿಲ್ಲ. ಸಿಕ್ತಾ ಅಕ್ಕಾ — ತಮ್ಮ ಊರುಗೋಲು ಊರಿಕೊಂಡು ಯಾವಾಗ ಬಂದನೋ. ಇಷ್ಟೇನಾ, ಕೆರೆದು ಕೂರಿಸಿದ್ರೆ ಆಯ್ತು, ತಲೇಲಿ ಪಿನ್ ಇದೆಯಲ್ಲ, ಕೊಡು. ಅಂಗೈ ಚಾಚಿದ್ದಾನೆ, ಮಣ್ಣಿನಲ್ಲಿ ಮಲಗಿ ನೋಡಿದ ಅದೇ ಕಣ್ಣು, ಆಕಾಶವನ್ನಲ್ಲ, ಆಗಲೂ ಆಕಾಶವನ್ನಲ್ಲ. ಅಪ್ಪ ಬಗ್ಗುತ್ತಿದ್ದಾನೆ, ಕೂರಿಸೋಕೂ ಬರ್ದೆ ಇರೋನು ಯಾವನು ಹಾಕಿದ್ದು ಇದನ್ನ. ನಾನೇ ಇರ್ಬೇಕಪ್ಪ, ಅನ್ನುತ್ತಾನೆ ತಮ್ಮ. ಅಪ್ಪ ಜೇಬಿನಿಂದ ಕನ್ನಡಕ ತೆಗೆಯುತ್ತಾನೆ — ಹೊಸದೇನು ಹಾಕಿದರೂ ಅದರ ಮೇಲೆ ಬಿಳಿ ಮಾರ್ಕರಿನಲ್ಲಿ ತಾರೀಖು ಬರೆಯಬೇಕು, ಇದು ನಮ್ಮ ಶೆಡ್ಡಿನ ಪದ್ಧತಿ, ಕೈಗೆ ಎಷ್ಟು ರೂಢಿಯೆಂದರೆ ಅವತ್ತು ಸಂಜೆಯೂ ಬರೆದಿತ್ತು, ನನ್ನ ಅಕ್ಷರದಲ್ಲಿ, ತಮ್ಮ ಆಪರೇಷನ್ ಕೋಣೆಯೊಳಗಿದ್ದ ದಿನದ ತಾರೀಖು. ಅಪ್ಪನ ಹೆಬ್ಬೆರಳು ಸ್ವಿಚ್ಚಿನ ಧೂಳು ಒರೆಸುತ್ತಿದೆ. ತುಟಿ ಅಂಕಿಗಳನ್ನು ಓದುತ್ತಿದೆ, ನಿಂತಿತು. ನನ್ನ ಕೈ ತಾನಾಗಿ ಕೂದಲಿಗೆ ಹೋಯಿತು, ಎಳೆಯಿತು, ತಮ್ಮನ ಅಂಗೈ ದಾಟಿ ಅಪ್ಪನ ಮುಂದೆ ಚಾಚಿತು, ಎಂಟು ತಿಂಗಳು ಎಸೆಯಲಾಗದೆ ಮುಡಿದದ್ದು, ಕಪ್ಪು ಪಿನ್ನು, ಎರಡೂ ತುದಿಯಲ್ಲಿ ಬಣ್ಣ ಕಿತ್ತುಹೋಗಿ ಹೊಳೆಯುತ್ತಿರುವ ಪಿನ್ನು, ಪಿನ್ನು