ಇಪ್ಪತ್ತೈದರಲ್ಲಿ ಹಾರ್ಲನ್ ಇಲ್ಲ

ಏನೋ ಸೀದ ವಾಸನೆ, ಹಂದಿಮಾಂಸದ್ದೇ, ಲೆಮ್ ಒಲೆ ಮುಂದೆ ನಿಂತು ಮತ್ತೆ ಮರೆತಿದ್ದಾನೆ, ಏಳಬೇಕು, ಎದ್ದರೆ ಸಿಟ್ಟು ಇಳಿದೀತೆಂದು ವೆರ್ನೆಲ್ ಏಳಲಿಲ್ಲ, ಲೆಮ್, ಒಲೆ ಆರಿಸೋ, ಆರಿಸ್ದೆ ಅಕ್ಕಾ ಆರಿಸ್ದೆ, ತಮ್ಮನ ಧ್ವನಿಯೊಂದು ಮಾತ್ರ ಹಾಳಾಗಿಲ್ಲ, ಹಾರ್ಲನ್ ಕಾಲೇಜಿನ ಮೈದಾನ ಅವನ ಹೆಸರು ಕೂಗುತ್ತಿದ್ದ ಕಾಲದ ಧ್ವನಿಯೇ — ಕಂಪ್ಯೂಟರಿನಲ್ಲಿ ಮತಪತ್ರದ ಇಪ್ಪತ್ತೈದು ಖಾಲಿ ಮನೆಗಳು ಅವಳನ್ನು ನೋಡುತ್ತಿವೆ, ದೇಶದ ಕಾಲೇಜು ಫುಟ್‌ಬಾಲ್ ತಂಡಗಳಲ್ಲಿ ಯಾರು ಮೇಲು ಯಾರು ಕೆಳಗೆ ಎಂದು ಭಾನುವಾರ ಭಾನುವಾರ ಮತ ಹಾಕುವ ಪತ್ರಕರ್ತರಲ್ಲಿ ಅವಳೂ ಒಬ್ಬಳು, ಜಾರ್ಜಿಯಾದ ಈ ಪುಟ್ಟ ಪೇಟೆಯ ಪತ್ರಿಕೆಗಿರುವ ಒಂದೇ ದೊಡ್ಡಸ್ತಿಕೆ ಅದು, ಕಿವಿಗೆ ಒತ್ತಿದ ಫೋನಿನಲ್ಲಿ ಆರ್ಲೋ, ಅವನೂ ಮತ ಹಾಕುವವನೇ, ಹಾರ್ಲನ್ ಒಂದನೇದೋ ಎರಡನೇದೋ, ಅಷ್ಟೇ ಕಣೇ ಚರ್ಚೆ, ಒಂದು ಪಂದ್ಯಾನೂ ಸೋತಿಲ್ಲ, ಯಾರ ಮೇಲೆ ಗೆದ್ದಿದ್ದು ಮಹಾ, ಎಂದಳು ಇವಳು, ಹೆಸರಿಲ್ಲದ ಬಡಪಾಯಿ ಕಾಲೇಜುಗಳನ್ನ ಕರೆಸಿ ಚಚ್ಚಿದ್ರು, ಸರಿ, ನಿನ್ನೆ ಟೆನ್ನೆಸ್ಸೀಯೋರ ಮೇಲೆ ಗೆದ್ರಲ್ಲ, ರೆಫರಿ ಕುರುಡ, ವೆರ್ನ್, ಮೂರು ಟಚ್‌ಡೌನ್ ಅಂತರಕ್ಕೆ ರೆಫರಿ ಯಾಕೆ ಬೇಕು, ಕೋಚ್ ಹ್ಯಾನಿಗನ್ ಮೇಲಿನ ಹಗೆ ಹುಡುಗರ ಮೇಲೆ ತೀರಿಸ್ಕೋಬೇಡ, ಮತ ಎಲ್ರಿಗೂ ಕಾಣುತ್ತೆ, ನಿನ್ನನ್ನೇ ಕಿತ್ತು ಬಿಸಾಕ್ತಾರೆ — ಬಿಸಾಕಲಿ, ಎಂದು ಫೋನಿಟ್ಟಳು, ಆದರೆ ಆಟ ಬಲ್ಲ ಅವಳ ಕಣ್ಣಿಗೆ ಗೊತ್ತು, ಹಾರ್ಲನ್ನೇ ಮೊದಲನೆಯದು, ಎರಡನೆಯದೂ ಅಲ್ಲ, ಆ ನಿಜವೇ ಎದೆಯಲ್ಲಿ ಕೆಂಡದಂತೆ ಉರಿಯುತ್ತದೆ, ಅಂದು ತಲೆಗೆ ಪೆಟ್ಟು ತಿಂದ ಲೆಮ್‌ನನ್ನು ಮತ್ತೆ ಆಟಕ್ಕೆ ನೂಕಿದ ಹ್ಯಾನಿಗನ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೇಳುತ್ತಾನೆ, ಗಟ್ಟಿ ಹುಡುಗ ಬಿಡಮ್ಮಾ, ಮಲಗೆದ್ರೆ ಸರಿಹೋಗ್ತಾನೆ, ಲೆಮ್ ಏಳುವುದರೊಳಗೆ ತಂಡ ಕಪ್ ಗೆದ್ದಿತ್ತು, ಹ್ಯಾನಿಗನ್ ಕಂಚಿನ ವಿಗ್ರಹವಾಗಿ ಮೈದಾನದ ಬಾಗಿಲಲ್ಲಿ ನಿಂತಿದ್ದ, ಲೆಮ್‌ಗೆ ಅಮ್ಮ ಸತ್ತದ್ದನ್ನು ಮತ್ತೆ ಮತ್ತೆ ಹೇಳಬೇಕಾಗಿತ್ತು, ಪ್ರತಿ ಸಲವೂ ಹೊಸದಾಗಿ ಅಳುತ್ತಿದ್ದ — ಮೊದಲನೆಯ ಮನೆಗೆ ಓಹಾಯೋದವರನ್ನು ತುಂಬಿದಳು, ಎರಡನೆಯದಕ್ಕೆ ಟೆಕ್ಸಾಸ್‌ನವರು, ಇಳಿಯುತ್ತಾ ಇಳಿಯುತ್ತಾ ನಾಲ್ಕು ಪಂದ್ಯ ಸೋತವರೂ ಒಳಗೆ ಬಂದರು, ಅಕ್ಕಾ, ನಮ್ಮೋರನ್ನ ಎಲ್ಲಿಟ್ಟೆ, ಕರಿದ ಮಾಂಸದ ತಟ್ಟೆ ಹಿಡಿದು ಲೆಮ್ ನಿಂತಿದ್ದಾನೆ, ನಮ್ಮೋರಂತೆ, ಇನ್ನೂ ನಮ್ಮೋರು, ಮೇಲೇ ಇಟ್ಟೆ ಕಣೋ, ಎಲ್ಲರಿಗಿಂತ ಮೇಲೆ, ಅವನು ನಕ್ಕ, ಆ ನಗು ಕಂಡು ಬೆರಳು ತಡೆಯಿತು, ಆ ನಗು ಕಂಡೇ ಗುಂಡಿ ಒತ್ತಿಬಿಟ್ಟಳು, ಇಪ್ಪತ್ತೈದರಲ್ಲಿ ಎಲ್ಲೂ ಹಾರ್ಲನ್ ಇಲ್ಲ. ಮಧ್ಯಾಹ್ನಕ್ಕೆಲ್ಲ ಊರು ಹೊತ್ತಿತು, ಸಂಪಾದಕ ಫೋನ್ ಮಾಡಿದ, ನಿನ್ನ ಮತದ ಹಕ್ಕು ಹೋಯ್ತು ವೆರ್ನೆಲ್, ಕೆಲಸದ ಮಾತು ನಾಳೆ, ಗುರುತಿಲ್ಲದವರು ಅವಳ ಹೆತ್ತವರನ್ನೆಲ್ಲ ಬೈದರು, ಬೈಯಲಿ, ಅವಳು ಕಾಯುತ್ತಿದ್ದದ್ದು ಒಂದೇ ಕರೆಗೆ, ಸಂಜೆ ಅದೂ ಬಂತು, ಅದೇ ಜೇನಿನಂಥ ದನಿ, ಏನಮ್ಮಾ, ನನ್ನ ಹುಡುಗರು ನಿಮಗೇನು ಅನ್ಯಾಯ ಮಾಡಿದ್ರು, ಒಬ್ಬೊಬ್ಬನೂ ನನ್ನ ಹೊಟ್ಟೇಲಿ ಹುಟ್ಟಿದ ಮಗನ ಹಾಗೆ, ಹೌದಾ ಕೋಚ್, ಹಾಗಾದ್ರೆ ನನ್ನ ತಮ್ಮನ ಹೆಸರು ಹೇಳಿ, ಪಿಕೆಟ್… ನಿಮ್ಮ ಮನೆತನ ಪಿಕೆಟ್ ಅಲ್ವಾ, ಹುಡುಗನ ಹೆಸರು… ಯಾವ ವರ್ಷದೋನಮ್ಮಾ — ಇದೇ ಬೇಕಿತ್ತು ಅವಳಿಗೆ, ಇದನ್ನೇ ನಾಳೆ ಅಕ್ಷರ ಬಿಡದೆ ಅಚ್ಚು ಹಾಕಿಸುತ್ತಾಳೆ, ಈ ಪತ್ರಿಕೆಯಲ್ಲದಿದ್ದರೆ ಇನ್ನೊಂದರಲ್ಲಿ, ನಗಬೇಕು ಈಗ, ನಗು ಬರಲಿಲ್ಲ, ಕಣ್ಣು ಮುಚ್ಚಿದಾಗಲೆಲ್ಲ ಬರುವುದೇ ಮತ್ತೆ ಬಂತು, ಪೆಟ್ಟು ತಿಂದ ಲೆಮ್ ನಿಧಾನ ಎದ್ದು, ನಡೆದು, ಎದುರಾಳಿಗಳ ಬೆಂಚಿಗೆ ಹೋಗಿ ಕೂರುತ್ತಾನೆ, ಮನೆಗೆ ಬಂದವನಂತೆ ಹೆಲ್ಮೆಟ್ ಕಳಚಿ ಮಡಿಲಲ್ಲಿಟ್ಟು ಗುರುತಿನ ಮುಖ ಹುಡುಕುತ್ತಾನೆ, ಬಿಳಿ ಅಂಗಿಗಳ ಸಾಲಿನ ನಡುವೆ ಒಂದೇ ಒಂದು ಕೆಂಪು ಅಂಗಿ