ಎರಡನೆಯ ಪೊಟ್ಟಣ

ಭತ್ತ ಬೇಯುವ ವಾಸನೆ ಬಂದರೆ ಅನಿತಾಳಿಗೆ ಇವತ್ತಿಗೂ ಅವ್ವನ ಸೆರಗು ನೆನಪಾಗುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಬೆಂದ ಭತ್ತ ಹರವುತ್ತಿದ್ದ ಹುಲುಗಮ್ಮ ಸಂಜೆ ಮನೆಗೆ ಬಂದರೆ, ಆ ಬಿಸಿ ವಾಸನೆ ಅವಳಿಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಅನಿತಾ ಏಳನೆಯ ತರಗತಿಯಲ್ಲಿದ್ದಾಗ, ಯಾರೋ ಡಾಕ್ಟರು ಹೇಳಿದರೆಂದು ಅವ್ವ ಗರ್ಭಚೀಲ ತೆಗೆಸಿಕೊಂಡಳು. ಆಮೇಲೆ ಗಿರಣಿಯ ಕೆಲಸ ಆಗಲಿಲ್ಲ. ಇನ್ನೂ ಹರೆಯ ಇರುವಾಗಲೇ ಸೊಂಟ ಹಿಡಿದುಕೊಂಡು, ಮೈ ಉರಿ ಎಂದು ಗಾಳಿ ಬೀಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಳು. ಸೆರಗಿನ ವಾಸನೆ ಹೋಗಿಬಿಟ್ಟಿತು.

ಈಗ ಅನಿತಾಳ ಸರದಿ. ಕುರುಗೋಡು ಕಡೆಯ ಬಾದನಹಟ್ಟಿಯ ಸೊಸೆ, ಎರಡು ಮಕ್ಕಳ ತಾಯಿ. ವರ್ಷದಿಂದ ಬಿಳಿ ಹೋಗುವುದು, ಕಿಬ್ಬೊಟ್ಟೆ ನೋವು. ಗುಳಿಗೆ ತೆಗೆದುಕೊಂಡರೆ ಇಳಿಯುವುದು, ಸ್ವಲ್ಪ ದಿನಕ್ಕೆ ಮತ್ತೆ ಅದೇ. ಒಂದು ಖಾಸಗಿ ನರ್ಸಿಂಗ್ ಹೋಮಿನವರು, "ಮಕ್ಕಳಾಗ್ಯಾವಲ್ಲ, ಚೀಲ ತೆಗೆಸಿಬಿಡ್ರಿ, ನಿಶ್ಚಿಂತಿ" ಎಂದು ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದ್ದರು. ಗಂಡ ಅಂಜಿನೇಯ ಹೂಂ ಎಂದಿದ್ದ.

"ಮೊದಲು ಗುಳಿಗಿ ಕೊಟ್ಟ ವರದಾ ಡಾಕ್ಟರ್‌ಗೆ ಒಮ್ಮೆ ತೋರಿಸ್ತೀನಿ. ಅವ್ವನಂಗ ಕಟ್ಟಿ ಮ್ಯಾಲೆ ಕುಂದ್ರಾಕ ನಾ ಒಲ್ಲೆ" ಎಂದು ಅನಿತಾ ಪಟ್ಟು ಹಿಡಿದಳು. ಗಂಡನನ್ನೂ ಅತ್ತೆ ಚನ್ನಬಸಮ್ಮನನ್ನೂ ಹೊರಡಿಸಿಕೊಂಡು ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ಬಂದಳು.

ಅಂಜಿನೇಯ ಗೇಟಿನ ಹೊರಗೇ ನಿಂತ. ಒಳಗೆ ವರದಾ ಡಾಕ್ಟರು ಪರೀಕ್ಷೆ ಮಾಡಿ, ಸ್ಕ್ಯಾನಿಂಗ್ ನೋಡಿ ಹೇಳಿದರು: "ಚೀಲ ಚೆನ್ನಾಗೈತಿ. ಇದು ಬರೀ ಸೋಂಕು. ಹೋದ ಸಲ ಎರಡು ಪೊಟ್ಟಣ ಕೊಟ್ಟಿದ್ದೆನಲ್ಲ, ನಿನಗೊಂದು, ನಿನ್ನ ಗಂಡಗೊಂದು. ಅವರು ತಗೊಂಡ್ರೇನು?"

ಅನಿತಾ ತಲೆ ತಗ್ಗಿಸಿದಳು. "ಅವ್ರಿಗೆ ಹೆಂಗ ಹೇಳ್ಲಿರಿ? ನಮ್ಮ ಮೈದುನನ ಹೆಂಡತಿ ಸೌಂದರ್ಯಗ ಕೊಟ್ಟೆ. ಆಕಿಗೂ ಇದೇ ತ್ರಾಸು, ದವಾಖಾನಿಗೆ ಬರಾಕ ನಾಚಿಕಿ. ಸೀರಿ, ಬಳಿ, ಏನಿದ್ರೂ ಇಬ್ರೂ ಹಂಚಿಕೊಂಡೇ ರೂಢಿರಿ ನಮಗ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಬೈಯಲಿಲ್ಲ. ಎದ್ದು ಹೋಗಿ ಬಾಗಿಲ ಪರದೆ ಎಳೆದು, ಕುರ್ಚಿ ಹತ್ತಿರ ಸರಿಸಿಕೊಂಡು ಕೂತರು. "ನಿನ್ನ ಮನಸ್ಸು ದೊಡ್ಡದವ್ವ. ಆದ್ರ ಗುಳಿಗಿ ಸೀರಿ ಅಲ್ಲ. ಗಂಡಸರಿಗೆ ತ್ರಾಸು ಕಾಣ್ಲಿಲ್ಲಂದ್ರೂ ಸೋಂಕು ಮೈಯಾಗ ಇರ್ತೈತಿ. ನೀ ಆರಾಮಾದಂಗೆಲ್ಲ ತಿರುಗಿ ನಿನಗ ಬರ್ತೈತಿ. ಅವರನ್ನ ಕರಿ. ಸೌಂದರ್ಯನ್ನೂ ಆಕಿ ಗಂಡನ್ನೂ ಕಳಿಸು, ನಾನೇ ನೋಡ್ತೀನಿ."

ಅನಿತಾ ಗೇಟಿಗೆ ನಡೆದಳು. "ಒಳಗ ಬರ್ರಿ. ನೀವೂ ಗುಳಿಗಿ ತಗೋಬೇಕಂತ."

"ನನಗೇನಾಗೈತಿ? ಹೆಂಗಸರ ವಾರ್ಡಿಗೆ ನಾ ಬರಂಗಿಲ್ಲ. ಮಂದಿ ಏನಂತಾರ?"

"ಸೋಮವಾರ ನನ್ನ ಬದಲಿ ಮಂದಿ ಬಂದು ಕೊಯ್ಸಿಕೊಂತಾರೇನು?"

ಸೊಸೆಯ ಹಿಂದೆಯೇ ಬಂದಿದ್ದ ಚನ್ನಬಸಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಲೇ ಅಂಜಿನಿ, ನೀ ಹುಟ್ಟಿದ್ದೇ ಹೆಂಗಸರ ವಾರ್ಡಿನ್ಯಾಗ! ಆವಾಗಿಲ್ಲದ ನಾಚಿಕಿ ಈಗ್ಯಾಕಲೇ? ನಡಿ."

ಗೇಟಿನ ಬಳಿ ನಿಂತಿದ್ದ ಆಟೋದವರು ನಕ್ಕರು. ಅಂಜಿನೇಯನೂ ನಕ್ಕು, ತಲೆ ಕೆರೆದುಕೊಳ್ಳುತ್ತ ಒಳಗೆ ನಡೆದ.

"ಇಬ್ರೂ ಊಟ ಆದಮ್ಯಾಲೆ ತಗೋರಿ. ಮುಗಿಯೋತನಕ ಸರಾಯಿ ಮುಟ್ಟಂಗಿಲ್ಲ" ಎಂದು ಡಾಕ್ಟರು ಎರಡೂ ಪೊಟ್ಟಣ ಅವನ ಕೈಗೇ ಕೊಟ್ಟರು.

"ಮುಗಿದಮ್ಯಾಲೂ ಮುಟ್ಟಬಾರದು ಅಂತ ಒಂದು ಮಾತು ಸೇರಿಸ್ರಿ ಡಾಕ್ಟರಮ್ಮ" ಎಂದಳು ಚನ್ನಬಸಮ್ಮ.

ಹೊರಗಿನ ಬೆಂಚಿನಲ್ಲಿ ಕೂತು ಅನಿತಾ ನರ್ಸಿಂಗ್ ಹೋಮಿಗೆ ಫೋನ್ ಹಚ್ಚಿದಳು. "ಸೋಮವಾರ ನಾ ಬರಂಗಿಲ್ರಿ. ಇಲ್ರಿ, ಮುಂದಕ್ಕ ಹಾಕೋದಲ್ಲ. ಬ್ಯಾಡ." ಫೋನಿಟ್ಟು ನೋಡಿದರೆ ಗಂಡ ಇಲ್ಲ.

"ಓಡಿಹೋದ ನೋಡು" ಎಂದು ಅತ್ತೆ ಗೊಣಗಿದಳು.

ಸ್ವಲ್ಪ ಹೊತ್ತಿಗೆ, ಸಾಲಾಗಿ ಕೂತ ಹೆಂಗಸರ ನಡುವೆ ದಾರಿ ಮಾಡಿಕೊಂಡು ಅಂಜಿನೇಯ ಬಂದ. ಕಂಕುಳಲ್ಲಿ ನೀರಿನ ಬಾಟಲಿ. ಬಿಸಿ ಮಂಡಕ್ಕಿ ವಗ್ಗಾಣಿ, ಮಿರ್ಚಿಯ ಪೊಟ್ಟಣವನ್ನು ಅನಿತಾಳ ಕೈಯಲ್ಲಿಟ್ಟು, ಜೇಬಿನಿಂದ ಗುಳಿಗೆಯ ಪೊಟ್ಟಣಗಳನ್ನು ತೆಗೆದ.